ಹಳ್ಳ ಮುಚ್ಚಲು ಹೋಗಿ ಕಲಿತ ಪಾರ್ ಫೈವ್

ಗಾಲ್ಫ್ ಕೋರ್ಸಿನ ಒಂದು ಹೋಲ್‌ಗೆ ನಾನು ಹಾಕಿದ ಗೆರೆ ನೇರವಾಗಿತ್ತು. 560 ಗಜ, ಕಡ್ಡಿ ಇಟ್ಟ ಹಾಗೆ. ಮೊದಲ ಹೊಡೆತ ಹೊಡೆಯುವ ಟೀಯಿಂದ, ಗುಂಡಿ ಇರುವ ಗ್ರೀನ್‌ವರೆಗೆ ಒಂದೇ ಹದವಾದ ಇಳಿಜಾರು. ನಡುವೆ ಅಡ್ಡ ಬರುವ ಹಳ್ಳಕ್ಕೆ ಎರಡು ಸಾಲು ಹ್ಯೂಮ್ ಪೈಪ್, ಅದರ ಮೇಲೆ ಮಣ್ಣು. ಕಲಬುರಗಿಯ ನನ್ನ ಆಫೀಸಿನಲ್ಲಿ ರಾತ್ರಿ ಹನ್ನೊಂದಕ್ಕೆ ಪ್ರಿಂಟ್ ತೆಗೆದು, ಎರಡು ಸಲ ನೋಡಿ, ಖುಷಿಯಲ್ಲೇ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಡಿಸೈನರ್ ಮೇಡಂ ಆ ಹಾಳೆಯನ್ನು ಜೀಪಿನ ಬಾನೆಟ್ ಮೇಲೆ ಹರಡಿದರು. ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಕಲ್ಲಿಟ್ಟರು. ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು.

‘ಎರಡನೇ ಶಾಟ್ ಹೊಡೆಯುವವರಿಗೆ ಇಲ್ಲಿ ಏನು ಕೆಲಸ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹಾಳೆ ತೋರಿಸುವ ಮುಂಚೆಯೇ ಅರ್ಧ ಹಳ್ಳ ಮುಚ್ಚಿಸಿಬಿಟ್ಟಿದ್ದೆ. ಮಳೆಗಾಲಕ್ಕೆ ಮೊದಲು ಮಣ್ಣಿನ ಕೆಲಸ ಮುಗಿಸಬೇಕು ಅನ್ನುವ ಅವಸರ. ಅವರು ಹಾಳೆಯಿಂದ ತಲೆ ಎತ್ತಿದಾಗ ದೂರದಲ್ಲಿ ಕೆಂಪು ಮುರುಮ್ ಗುಡ್ಡೆ ಕಂಡೇ ಕಂಡಿತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಸರ್ವೆ ಮಾಡುವವನು. ರಸ್ತೆ, ಕಾಲುವೆ, ಲೇಔಟ್, ಇವೇ ಇಷ್ಟು ವರ್ಷದ ಕೆಲಸ. ಗಾಲ್ಫ್ ಆಡಿದವನಲ್ಲ, ಟಿವಿಯಲ್ಲಿ ಕೂಡ ಪೂರ್ತಿ ನೋಡಿದವನಲ್ಲ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರ ದಾಟಿದ ಮೇಲೆ ಒಬ್ಬರ ಜಮೀನು. ಒಂದು ಕಡೆ ಕೆಂಪು ಮಡ್ಡಿ, ಇನ್ನೊಂದು ಕಡೆ ತೊಗರಿ ಬೆಳೆಯುವ ಎರೆ ಹೊಲ. ಅಲ್ಲಿ ಸಣ್ಣ ರೆಸಾರ್ಟು, ಜೊತೆಗೆ ಒಂಬತ್ತು ಹೋಲ್‌ಗಳ ಕೋರ್ಸು ಆಗಬೇಕಿತ್ತು. ಪುಣೆಯಿಂದ ಬರುತ್ತಿದ್ದ ಮೇಡಂ ಟೀ ಎಲ್ಲಿ, ಗ್ರೀನ್ ಎಲ್ಲಿ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಟ್ಟಿದ್ದರು. ಕಂಟೂರ್ ತೆಗೆದು, ಉಳಿದದ್ದನ್ನು ಹಾಳೆಗೆ ಇಳಿಸುವುದು ನನ್ನ ಪಾಲು. ಉಳಿದದ್ದು ಅಂದ್ರೆ ಎರಡು ಚುಕ್ಕೆ ಸೇರಿಸೋದು ಅಂತ ನಾನು ತಿಳಿದಿದ್ದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಳ್ಳೆಯ ಆಟಗಾರ ಮೂರು ಹೊಡೆತದಲ್ಲಿ ಗ್ರೀನ್ ತಲುಪಿ, ಇನ್ನೆರಡರಲ್ಲಿ ಚೆಂಡನ್ನು ಗುಂಡಿಗೆ ಹಾಕಬೇಕು ಅಂತ ಲೆಕ್ಕವಿಟ್ಟ ಹೋಲ್ ಪಾರ್ ಫೈವ್. ಗಂಡಸರ ಲೆಕ್ಕದಲ್ಲಿ ಸುಮಾರು 450 ಗಜದಿಂದ ಮೇಲಕ್ಕೆ, 700ರ ಆಸುಪಾಸಿನವರೆಗೂ ಹೋಗುತ್ತದೆ. 18 ಹೋಲ್‌ಗಳ, ಒಟ್ಟು 72 ಹೊಡೆತದ ಲೆಕ್ಕದ (ಪಾರ್ 72) ಕೋರ್ಸಿನಲ್ಲಿ ಸಾಮಾನ್ಯವಾಗಿ ಇಂಥವು ನಾಲ್ಕು ಇರುತ್ತವೆ. ನಮ್ಮ ಒಂಬತ್ತರಲ್ಲಿ ಎರಡು. ಅಂದಹಾಗೆ, ಯಾರ್ಡ್ ಅಂತ ನಾನು ಹೇಳುತ್ತಿದ್ದದ್ದನ್ನು ‘ಗಜ ಅನ್ರಿ’ ಅಂತ ತಿದ್ದಿದ್ದು ಆ ಜಮೀನು ನೋಡಿಕೊಳ್ಳುವ ಕಾಕಾ. ಆಮೇಲೆ ಸೈಟಿನಲ್ಲಿ ಎಲ್ಲರೂ ಗಜ ಅಂತಲೇ ಅಂದೆವು, ಮೇಡಂ ಕೂಡ.

ಮೊದಲ ಹೊಡೆತಕ್ಕೆ ಅದರದೇ ಮಜಾ ಇದೆ, ಎಲ್ಲರೂ ಜೋರಾಗಿ ಬೀಸುತ್ತಾರೆ. ಕೊನೆಯ ಹೊಡೆತಕ್ಕೆ ಗುರಿ ಕಣ್ಣೆದುರೇ ಇದೆ. ನಡುವಿನದೇ ಅನಾಥ. ನನ್ನ ನೇರ ಗೆರೆಯಲ್ಲಿ ಎರಡನೇ ಶಾಟ್ ಅಂದ್ರೆ ಸಾಮಾನು ಸಾಗಿಸುವ ಕೆಲಸ. ಚೆಂಡನ್ನು ಇಲ್ಲಿಂದ ಅಲ್ಲಿಗೆ ಒಯ್ದು ಇಡೋದು, ಅಷ್ಟೇ. ಯೋಚನೆ ಬೇಡ, ಹೆದರಿಕೆ ಇಲ್ಲ, ಆಸೆಯೂ ಇಲ್ಲ.

ಆದರೂ ನಾನು ವಾದ ಮಾಡಿದೆ. ‘ಉದ್ದ ಜಾಸ್ತಿ ಇದ್ರೆ ಕಷ್ಟ ಆಗುತ್ತೆ ಅಲ್ವಾ ಮೇಡಂ? ಬೇಕಾದ್ರೆ 600 ಮಾಡೋಣ.’

ಅವರು ಬಾಲ್ಟಸ್‌ರಾಲ್ ಕಥೆ ಹೇಳಿದರು. ಅಮೆರಿಕದ ನ್ಯೂಜೆರ್ಸಿಯ ಕೋರ್ಸು ಅದು. ಅಲ್ಲಿನ ಲೋವರ್ ಕೋರ್ಸಿನ 17ನೇ ಹೋಲ್ 1993ರಲ್ಲಿ 630 ಗಜ ಇತ್ತು. ಎರಡು ಹೊಡೆತಕ್ಕೆ ಅದರ ಗ್ರೀನ್ ಮುಟ್ಟೋದು ಆಗದ ಮಾತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆ ವರ್ಷದ ಯುಎಸ್ ಓಪನ್‌ನಲ್ಲಿ ಜಾನ್ ಡೇಲಿ ಮುಟ್ಟಿಬಿಟ್ಟರು. ತೋಳಲ್ಲಿ ಬಲ ಇರುವವರನ್ನು ಉದ್ದ ತಡೆಯುವುದಿಲ್ಲ, ಮೊದಲೇ ದಣಿದ ವಯಸ್ಸಾದವರಿಗೆ ಮಾತ್ರ ಅದು ಶಿಕ್ಷೆ ಅಂತ ಮೇಡಂ ಅಂದರು. ನನ್ನ 600 ಗಜದ ಮಾತು ಅಲ್ಲಿಗೆ ನಿಂತಿತು.

ಹೋಗುವ ಮುಂಚೆ ಹಾಕಿದ ಮಣ್ಣು ತೆಗೆಸಿ ಅಂದರು. ಬೈಯಲಿಲ್ಲ. ಬೈದಿದ್ದರೆ ಅವತ್ತೇ ತೆಗೆಸುತ್ತಿದ್ದೆನೋ ಏನೋ. ಜೆಸಿಬಿ ಬೇರೆ ಕಡೆ ಹೋಗಿತ್ತು, ಮುಂದಿನ ವಾರ ನೋಡೋಣ ಅಂತ ಬಿಟ್ಟೆ. ಮುಚ್ಚಿಸುವಾಗಲೇ ಕಾಕಾ ಒಂದು ಮಾತು ಹೇಳಿದ್ದರು. ‘ಸಾಹೇಬ್ರ, ಅದು ನೀರಿನ ಹಾದಿ ಅದ. ನೀವು ಬಂದ್ ಮಾಡಿದ್ರ ಅದೇನು ಕುಂದರಂಗಿಲ್ಲ, ಬ್ಯಾರೆ ಹಾದಿ ಹುಡುಕ್ತದ.’ ಹ್ಯೂಮ್ ಪೈಪಿನ ಸೈಜು, ನೀರಿನ ಲೆಕ್ಕ ಎಲ್ಲ ಅವರಿಗೆ ವಿವರಿಸಿ ಹೇಳಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಮಿರಗದ ಮಳೆ ಒಂದೇ ರಾತ್ರಿ ಸುರಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಪೈಪಿನ ಬಾಯಿಗೆ ತೊಗರಿ ಕಟ್ಟಿಗೆ, ಮುಳ್ಳುಕಂಟಿ ಸಿಕ್ಕು ಬಂದ್ ಆಗಿತ್ತು. ನೀರು ನನ್ನ ಮುರುಮ್ ದಂಡೆಯನ್ನು ಹತ್ತಿ ಇಳಿದು, ಎರೆಮಣ್ಣನ್ನು ಕಲಸಿ, ಆಗ ತಾನೇ ಸಮ ಮಾಡಿದ್ದ ಜಾಗದ ತುಂಬ ಕಪ್ಪು ರಾಡಿ ಹರಡಿತ್ತು. ಹನ್ನೊಂದು ದಿನದ ಜೆಸಿಬಿ ಕೆಲಸ. ಅದರ ಬಿಲ್ಲು ಮಾಲೀಕರು ಕೊಡಲಿಲ್ಲ. ಕೊಡಬೇಕಾದ್ದೂ ಇರಲಿಲ್ಲ ಬಿಡಿ.

ಆದರೆ ಆ ರಾಡಿ ಒಂದು ಉಪಕಾರ ಮಾಡಿತು. ನೀರು ಹರಿದ ಗುರುತು ನೆಲದ ಮೇಲೆ ಸ್ಪಷ್ಟವಾಗಿ ಉಳಿದಿತ್ತು, ಮತ್ತು ಅದು ಓರೆಯಾಗಿತ್ತು. ಎಡಕ್ಕೆ ಟೀಯಿಂದ 400 ಗಜಕ್ಕೇ ಅಡ್ಡ ಬಂದು, ಬಲಕ್ಕೆ ಹೋಗುತ್ತಾ 470ರವರೆಗೆ ದೂರ ಸರಿಯುತ್ತಿತ್ತು. ನನ್ನ ಹಾಳೆಯಲ್ಲಿ ಅದನ್ನೇ ನಾನು ಲಂಬವಾಗಿ ತಿರುಗಿಸಿ ಇಟ್ಟಿದ್ದೆ. ಯಾಕೆ ಅಂತ ರಸ್ತೆ ಕೆಲಸದವರಿಗೆ ಹೇಳಬೇಕಾಗಿಲ್ಲ. ಮೋರಿ ಆದಷ್ಟೂ ರಸ್ತೆಗೆ ಲಂಬವಾಗಿರಬೇಕು. ಓರೆ ಆದಷ್ಟು ಪೈಪು ಉದ್ದ, ಖರ್ಚು ಜಾಸ್ತಿ. ಕೈ ತನ್ನಷ್ಟಕ್ಕೆ ತಾನೇ ಗೆರೆ ಎಳೆದಿತ್ತು.

ಮೇಡಂ ಬಂದು ಆ ರಾಡಿ ನೋಡಿ ನಕ್ಕರು. ‘ನಮಗೆ ಬೇಕಾಗಿದ್ದು ಈ ಓರೆನೇ’ ಅಂದರು.

ಆಗ ಅಗಸ್ಟಾ ನ್ಯಾಷನಲ್‌ನ 13ನೇ ಹೋಲ್ ಬಗ್ಗೆ ಹೇಳಿದರು. ಜಾರ್ಜಿಯಾದ ಆ ಕೋರ್ಸನ್ನು ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ಮಾಡಿದವರು ಅಲಿಸ್ಟರ್ ಮೆಕೆಂಜಿ. ಮೆಕೆಂಜಿ ಮೂಲದಲ್ಲಿ ಡಾಕ್ಟರು, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸರ್ಜನ್ ಆಗಿ ಹೋಗಿ ಬಂದವರು. ಸರ್ವೆಯವನು ಗಾಲ್ಫ್ ಕಲಿಯೋದು ಅಂಥ ದೊಡ್ಡ ವಿಷಯ ಏನಲ್ಲ ಅಂತ ನನಗೆ ಒಳಗೇ ಸಮಾಧಾನ ಆಯಿತು. ಆ ಹೋಲ್ ಎಡಕ್ಕೆ ತಿರುಗುತ್ತದೆ. ಎಡದ ಅಂಚಿನಲ್ಲೇ ಒಂದು ಸಣ್ಣ ಹಳ್ಳ ಹರಿದು, ಕೊನೆಗೆ ಗ್ರೀನ್ ಎದುರಿಗೆ ಅಡ್ಡ ಬರುತ್ತದೆ. ಮೊದಲ ಹೊಡೆತವನ್ನು ಹಳ್ಳಕ್ಕೆ ಹತ್ತಿರ ಇಟ್ಟಷ್ಟೂ ಗ್ರೀನ್ ಹತ್ತಿರ. ಹೆದರಿ ಬಲಕ್ಕೆ ಹೊಡೆದರೆ ದೂರ ಜಾಸ್ತಿ. ಸಾಲದ್ದಕ್ಕೆ ನೆಲ ಎಡಕ್ಕೆ ವಾಲಿದೆ. ಬಲಗೈ ಆಟಗಾರನಿಗೆ ಚೆಂಡು ಪಾದಕ್ಕಿಂತ ಎತ್ತರದಲ್ಲಿ ಇರುತ್ತದೆ, ಹೊಡೆದರೆ ಎಡಕ್ಕೆ ಎಳೆಯುತ್ತದೆ. ಅಲ್ಲಿ ನಿಂತು ಗ್ರೀನ್‌ಗೆ ಹೊಡೆಯಲೋ, ಹಳ್ಳದ ಈಚೆಗೇ ಇಟ್ಟುಕೊಳ್ಳಲೋ ಅಂತ ತಲೆ ಕೆಡಿಸಿಕೊಳ್ಳುವುದೇ ಆ ಹೋಲ್‌ನ ಜೀವ.

ಕಾಲ ಹೋದಂತೆ ಆಟಗಾರರು ಎಷ್ಟು ದೂರ ಹೊಡೆಯತೊಡಗಿದರು ಅಂದ್ರೆ, ಎರಡನೇ ಶಾಟಿಗೆ ಹತ್ತಿರದ ಹೊಡೆತದ ಕ್ಲಬ್ಬು, ಸಣ್ಣ ಐರನ್, ಸಾಕಾಗುತ್ತಿತ್ತು. ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಅದಕ್ಕೇ 2023ರಲ್ಲಿ ಟೀಯನ್ನು 35 ಗಜ ಹಿಂದಕ್ಕೆ ಒಯ್ದು, 510 ಇದ್ದದ್ದನ್ನು 545 ಮಾಡಿದರು. ‘ನೋಡಿ, ಉದ್ದ ಮಾಡಿದ್ರಲ್ಲ’ ಅಂತ ನಾನು ತಕ್ಷಣ ಹಿಡಿದುಕೊಂಡೆ. ‘ಉದ್ದಕ್ಕಾಗಿ ಅಲ್ಲ, ಕಳೆದುಹೋದ ಪ್ರಶ್ನೆ ವಾಪಸ್ ತರೋದಕ್ಕೆ’ ಅಂದರು. ಆ ದಿನ ನಾನು ಸೋತದ್ದು ಎರಡನೇ ಸಲ.

ಹಳ್ಳವೇ ಬೇಕು ಅಂತೇನಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸಿನ 14ನೇ ಹೋಲ್‌ನಲ್ಲಿ ಈ ಕೆಲಸ ಮಾಡೋದು ಒಂದು ಬಂಕರ್, ಅಂದ್ರೆ ಮರಳಿನ ತಗ್ಗು. ಹೆಸರೇ ಹೆಲ್ ಬಂಕರ್, ಆಳೆತ್ತರಕ್ಕಿಂತ ಆಳ. ಎರಡನೇ ಶಾಟ್ ಎಲ್ಲಿ ಬೀಳಬೇಕು ಅನಿಸುತ್ತದೋ ಅಲ್ಲೇ ಕೂತಿದೆ. 1995ರ ಬ್ರಿಟಿಷ್ ಓಪನ್‌ನಲ್ಲಿ ಜಾಕ್ ನಿಕ್ಲಾಸ್ ಅಂಥ ದೊಡ್ಡ ಆಟಗಾರರೇ ಅದರೊಳಗೆ ಸಿಕ್ಕು, ಆ ಹೋಲ್‌ಗೆ 10 ಹೊಡೆತ ತೆಗೆದುಕೊಂಡರು.

ನಮ್ಮ ಹೋಲ್ ಕೊನೆಗೆ 520 ಗಜಕ್ಕೆ ನಿಂತಿತು. ಮಡ್ಡಿಯ ಮೇಲೆ ಟೀ, ಅಲ್ಲಿಂದ ಕೆಳಕ್ಕೆ ಎರೆ ಹೊಲದ ಕಡೆ ಹೊಡೆಯಬೇಕು. ಒಳ್ಳೆಯ ಹೊಡೆತ 250ಕ್ಕೆ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಅಲ್ಲಿ ನಿಂತವನ ಮುಂದೆ ಈಗ ನಾಲ್ಕು ದಾರಿ. ಎಡಕ್ಕೆ ಹಳ್ಳದ ಈಚೆ ಸುಮ್ನೆ 130 ಗಜ ಹೊಡೆದು ನಿಲ್ಲಬಹುದು. ಜೀವಕ್ಕೆ ಭಯ ಇಲ್ಲ, ಆದರೆ ಇನ್ನೂ 140 ಗಜ ಬಾಕಿ. ಬಲಕ್ಕೆ 200 ಗಜ ಹೊಡೆದರೆ ಕೇವಲ 70 ಉಳಿಯುತ್ತದೆ. ಆದರೆ ಅಲ್ಲಿ ಒಂದು ಹಳೇ ಹುಣಸೆಮರ ಜಾಗ ಕಿರಿದು ಮಾಡಿದೆ, ಮತ್ತು ಆ ಕಡೆಯಿಂದ ಗ್ರೀನ್‌ಗೆ ಬಂಕರ್ ಅಡ್ಡ. ಮೂರನೆಯದು, ಎಡಕ್ಕೇ 180 ಗಜ ಹೊಡೆದು ಹಳ್ಳ ದಾಟಿಸಿಬಿಡೋದು. ದಾಟಿದರೆ 90 ಗಜ, ಗ್ರೀನ್ ಬಾಯಿ ತೆರೆದು ಕಾಣುತ್ತದೆ. ನಾಲ್ಕನೆಯದು, ಎದೆಗಾರಿಕೆ ಇದ್ದವರಿಗೆ ನೇರ 270 ಗಜ. ಹಳ್ಳ ಲಂಬವಾಗಿದ್ದಿದ್ದರೆ ಇರುತ್ತಿದ್ದ ದಾರಿ ಎರಡೇ, ಈಚೆ ಇಲ್ಲವೇ ಆಚೆ.

ಗಾಳಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಜೂನ್, ಜುಲೈನಲ್ಲಿ ನಮ್ಮ ಕಡೆ ಪಡುವಣ ಗಾಳಿ ಹೇಗೆ ಬೀಸುತ್ತದೆ ಅಂತ ಗೊತ್ತಲ್ಲ, ಕೊಡೆ ನಿಲ್ಲುವುದಿಲ್ಲ. ಆಗ ಈ ಹೋಲ್‌ನಲ್ಲಿ ಗಾಳಿ ಬೆನ್ನಿಗೆ ಇರುತ್ತದೆ, ನಾಲ್ಕನೇ ದಾರಿ ಆಸೆ ಹುಟ್ಟಿಸುತ್ತದೆ. ಚಳಿಗಾಲದಲ್ಲಿ ಮೂಡಣದಿಂದ ಮುಖಕ್ಕೇ ಬರುತ್ತದೆ, ಆಗ ಮೂರನೆಯದಕ್ಕೇ ಎರಡು ಸಲ ಯೋಚಿಸಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ಯಾವ ದಿಕ್ಕಿಗೆ ಮುಖ ಮಾಡಿ ಇಡುತ್ತೀರಿ ಅನ್ನೋದಷ್ಟೇ.

ದೂರ ಹೊಡೆಯಲಾಗದವರಿಗೂ ದಾರಿ ಇರಲೇಬೇಕು ಅಂತ ಮೇಡಂ ಹಟ ಹಿಡಿದರು. 520, 470, 400ಕ್ಕೆ ಮೂರು ಟೀ ಆದವು. ಗ್ರೀನ್ ಮಾತ್ರ ಸಣ್ಣದು. ಬಹಳ ಜನ ಅಲ್ಲಿಗೆ ವೆಜ್, ಅಂದ್ರೆ ಹತ್ತಿರದಿಂದ ಎತ್ತಿ ಹೊಡೆಯುವ ಕ್ಲಬ್ಬು, ಹಿಡಿದೇ ಬರುತ್ತಾರೆ, ಸಣ್ಣ ಕ್ಲಬ್ಬಿಗೆ ದೊಡ್ಡ ಅಂಗಳ ಯಾಕೆ?

ಮಣ್ಣಿನ ಕಷ್ಟ ಬೇರೆಯೇ ಕಥೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಚೆಂಡು ಬೀಳುವ ಜಾಗದಲ್ಲೆಲ್ಲ ಮೇಲೆ ಮರಳು ಹಾಸಬೇಕಾಯಿತು. ಗ್ರೀನ್ ಅಡಿಗೆ ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಹನ್ನೆರಡು ಇಂಚು ಮರಳಿನ ಮಿಶ್ರಣ. ಹುಲ್ಲು ಬರ್ಮುಡಾ, 42 ಡಿಗ್ರಿ ಬಿಸಿಲಿಗೆ ಅಂಜದ ಜಾತಿ. ಹಳ್ಳದ ದಂಡೆ ಕುಸಿಯದಂತೆ ಶಹಾಬಾದ್ ಫರ್ಸಿಯ ಒಡೆದ ಚೂರುಗಳನ್ನು ಒಂದರ ಮೇಲೊಂದು ಪೇರಿಸಿದೆವು. ಸಿಮೆಂಟ್ ಹಾಕಲಿಲ್ಲ. ಹೇಗೆ ಪೇರಿಸಬೇಕು ಅಂತ ತೋರಿಸಿದ್ದು ಕಾಕಾ. ಹೊಲದ ಒಡ್ಡಿಗೆ ಅವರು ಮಾಡುವ ರೀತಿಯೇ ಅದು. ಮುಂದಿನ ಮಳೆಗಾಲದಲ್ಲಿ ಒಂದು ಕಲ್ಲೂ ಜಾರಲಿಲ್ಲ. ನಾನು ಪೈಪಿನ ಲೆಕ್ಕ ಮತ್ತೆ ಎತ್ತಲಿಲ್ಲ.

ಹುಲ್ಲು ಹಿಡಿದ ಮೇಲೆ ಒಂದು ದಿನ ಮಾಲೀಕರ ಕಡೆಯವರು ನಾಲ್ಕು ಜನ ಆಡಲು ಬಂದರು. ಅವರಲ್ಲಿ ಒಬ್ಬರು ನಿವೃತ್ತ ಡಾಕ್ಟರು, ಇನ್ನೊಬ್ಬರು ಹೈದರಾಬಾದಿನಿಂದ ಬಂದ ಹುಡುಗ. ಡಾಕ್ಟರು ಎಲ್ಲಕ್ಕಿಂತ ಮುಂದಿನ ಟೀಯಿಂದ 140, 140 ಅಂತ ಹೊಡೆದುಕೊಂಡು, ಹಳ್ಳಕ್ಕೆ ಒಂದು ನಮಸ್ಕಾರ ಹಾಕಿ ಬಲಗಡೆಯಿಂದ ಬಂದು, ಆರು ಹೊಡೆತಕ್ಕೆ ಮುಗಿಸಿ ನಗುತ್ತಾ ನಿಂತರು. ಹುಡುಗನ ಮೊದಲ ಹೊಡೆತ 250ರ ಗೂಟ ದಾಟಿ ಬಿತ್ತು. ಗಾಳಿ ಬೆನ್ನಿಗಿತ್ತು. ನಾನೂ ಕಾಕಾನೂ ಹುಣಸೆಮರದ ನೆರಳಲ್ಲಿ ನಿಂತು ನೋಡುತ್ತಿದ್ದೆವು.

ಅವನು ದೂರ ಹೊಡೆಯುವ ಉದ್ದನೆಯ ಕ್ಲಬ್ಬು, ವುಡ್, ತೆಗೆದ. ಗ್ರೀನ್ ನೋಡಿದ, ಹಳ್ಳ ನೋಡಿದ, ವಾಪಸ್ ಚೀಲಕ್ಕೆ ಹಾಕಿದ. ಐರನ್ ಹಿಡಿದು ಎರಡು ಹೆಜ್ಜೆ ಎಡಕ್ಕೆ ಹೋದ. ಹುಲ್ಲು ಕಿತ್ತು ಗಾಳಿಗೆ ತೂರಿದ. ಮತ್ತೆ ಚೀಲಕ್ಕೆ ಕೈ ಹಾಕಿದ.

‘ಏನ್ರೀ ಸಾಹೇಬ್ರ, ಹೊಡಿಯಾಕ ಬಂದಾನೋ, ಬಜಾರ ಮಾಡಾಕ ಬಂದಾನೋ?’ ಅಂದರು ಕಾಕಾ.

ನಾನು ಆಗಲೇ ಫೋನ್ ತೆಗೆದು ಪುಣೆಗೆ ಹಚ್ಚಿದ್ದೆ. ‘ಮೇಡಂ, ಎರಡನೇ ಶಾಟಿಗೆ ಮೂರು ಸಲ ಕ್ಲಬ್ ಬದಲಿಸಿದ!’

‘ಹೌದಾ? ಕೊನೆಗೆ ಯಾವುದರಲ್ಲಿ ಹೊಡೆದ?’

ತಿರುಗಿ ನೋಡಿದೆ. ಚೆಂಡು ಆಗಲೇ ಹೋಗಿಬಿಟ್ಟಿತ್ತು. ಎಲ್ಲರೂ ಹಳ್ಳದ ಕಡೆ ನಡೆಯುತ್ತಿದ್ದರು.

‘ನೋಡಲಿಲ್ಲ ಮೇಡಂ,’ ಅಂದೆ. ‘ನಿಮಗೆ ಫೋನ್ ಮಾಡ್ತಿದ್ದೆ.’