ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಹೊತ್ತು ಬೇರೆ ಬೇರೆ

ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟರೆ ಗೆರೆ ಅರೇಬಿಯಾ, ಸಹಾರಾ, ಅಟ್ಲಾಂಟಿಕ್ ಮೇಲೆ ಹೋಗುತ್ತದೆ. ಅದನ್ನು ನಂಬಬೇಡಿ. ಗ್ಲೋಬ್ ಮೇಲೆ ದಾರ ಬಿಗಿದು ಹಿಡಿದರೆ ಅದು ನೇಪಾಳ, ಟಿಬೆಟ್ ದಾಟಿ, ಸೈಬೀರಿಯಾದ ತುದಿಯಲ್ಲಿ 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ.

ವಿಮಾನ ಈ ದಾರದ ಮೇಲೇ ಹಾರುವುದು ಅಪರೂಪ. ಟಿಬೆಟ್ ಮೇಲೆ ಕ್ಯಾಬಿನ್ ಒತ್ತಡ ಕುಸಿದರೆ ಉಸಿರಾಡುವ ಎತ್ತರಕ್ಕೆ ಇಳಿಯಲು ಬೆಟ್ಟಗಳೇ ಅಡ್ಡ, ಹಾಗಾಗಿ ಸುತ್ತುಹಾಕುತ್ತಾರೆ. ಇನ್ನೊಂದು ಕಾರಣ ಗಾಳಿ. ಬಹಳ ಎತ್ತರದಲ್ಲಿ ರಭಸದಿಂದ ಹರಿಯುವ ಗಾಳಿ, ಅಂದರೆ ಜೆಟ್ ಸ್ಟ್ರೀಮ್, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಪೆಸಿಫಿಕ್ ಮೇಲೆ ಅದು ಬೆನ್ನಿಗಿದ್ದರೆ ದಾರಿ ಉದ್ದವಾದರೂ ಹೊತ್ತು ಉಳಿಯುತ್ತದೆ. ಬರುವಾಗ ಅದನ್ನು ತಪ್ಪಿಸಿಕೊಳ್ಳಲು ಧ್ರುವದ ಕಡೆಗೆ ಏರುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್, ಮಹಿಳಾ ಪೈಲಟ್‌ಗಳೇ ನಡೆಸಿ, ಹೀಗೆಯೇ ಬಂತು: ಸುಮಾರು 17 ಗಂಟೆ.

ಧ್ರುವದ ದಾರಿಗೆ ಅದರದೇ ತಕರಾರುಗಳಿವೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್ ಎ ಇಂಧನದ ಘನೀಕರಣ ಮಿತಿ ಮೈನಸ್ 40 ಡಿಗ್ರಿ. ನಮ್ಮಲ್ಲಿನ ಜೆಟ್ ಎ-1ದು ಮೈನಸ್ 47. ಹೊರಗೆ ಮೈನಸ್ 60 ಇದ್ದಾಗ ರೆಕ್ಕೆಯೊಳಗಿನ ಇಂಧನ ನಿಧಾನಕ್ಕೆ ತಣಿಯುತ್ತದೆ. ಮಿತಿಗೆ ಮೂರು ಡಿಗ್ರಿ ಹತ್ತಿರ ಬರುವ ಮುನ್ನವೇ ಪೈಲಟ್ ಬೆಚ್ಚಗಿನ ಗಾಳಿ ಹುಡುಕಿ ಎತ್ತರ ಬದಲಿಸಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಎರಡರಿಂದಲೂ ಇಂಧನ ಹೆಚ್ಚು ಉರಿಯುತ್ತದೆ. ಸೌರ ಬಿರುಗಾಳಿ ಎದ್ದರಂತೂ ರೇಡಿಯೊ ಸಂಪರ್ಕ ಕೆಡುತ್ತದೆಂದು ಇಡೀ ದಾರಿಯನ್ನೇ ದಕ್ಷಿಣಕ್ಕೆ ಸರಿಸುತ್ತಾರೆ.

ಇಲ್ಲಿಂದ ಹೊರಡುವಾಗಿನ ತೊಡಕು ನಮ್ಮ ಊರಿನದ್ದೇ. ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಮೇಲಿದೆ. ಮಧ್ಯಾಹ್ನದ ಬಿಸಿಲಲ್ಲಿ ಗಾಳಿ ಇನ್ನೂ ತೆಳು, ಎಂಜಿನ್ನಿಗೂ ರೆಕ್ಕೆಗೂ ಬಲ ಕಡಿಮೆ. ಟ್ಯಾಂಕ್ ತುಂಬಿಸಿಕೊಂಡರೆ ಸರಕನ್ನೋ ಕೆಲವು ಸೀಟುಗಳನ್ನೋ ಬಿಡಬೇಕಾಗುತ್ತದೆ.

ಆನ್‌ಲೈನ್ ಕ್ಯಾಲ್ಕುಲೇಟರುಗಳು ದೂರವನ್ನು ಗಂಟೆಗೆ 800 ಅಥವಾ 900 ಕಿ.ಮೀ.ನಿಂದ ಭಾಗಿಸಿ ಹದಿನೇಳೂವರೆಯೋ ಹದಿನೈದೂವರೆಯೋ ಅನ್ನುತ್ತವೆ. ಗಾಳಿ, ಸುತ್ತುದಾರಿ ಅವಕ್ಕೆ ಲೆಕ್ಕಕ್ಕಿಲ್ಲ. ಟಿಕೆಟ್‌ನಲ್ಲಿರುವುದು ಗೇಟಿನಿಂದ ಗೇಟಿಗೆ ಹಿಡಿಯುವ ಸಮಯ, ರನ್‌ವೇಗೆ ತೆವಳುವ ಹೊತ್ತೂ ಅದರಲ್ಲೇ ಸೇರಿದೆ. ದುಬೈ ಮೂಲಕವಾದರೆ 2,700 ಮತ್ತು 13,000, ಒಟ್ಟು 15,700 ಕಿ.ಮೀ.; ಹಾರಾಟವೇ 20 ಗಂಟೆಯ ಹತ್ತಿರ, ಕಾಯುವುದು ಬೇರೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ತಾರೀಖಿನಲ್ಲಿ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ನಮ್ಮ ಗಡಿಯಾರ ಅಲ್ಲಿಗಿಂತ ಮುಂದಿರುವ ಅಂತರ ಹನ್ನೆರಡೂವರೆ ಗಂಟೆ, ಉಳಿದ ಕಾಲ ಹದಿಮೂರೂವರೆ. ಚಳಿಗಾಲದಲ್ಲಿ ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ 4.30. ಅಲ್ಲಿಂದ ಶುಕ್ರವಾರ ರಾತ್ರಿ 9ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದವರು ಇಳಿಯುವುದು ಭಾನುವಾರ ಬೆಳಗಿನ ಜಾವ 4ಕ್ಕೆ. ಕರೆತರಲು ಕ್ಯಾಬ್ ಬುಕ್ ಮಾಡುವವರು ಶನಿವಾರವೆಂದು ಹಾಕದಿರಿ.