ಬಳ್ಳಾರಿಯಿಂದ ಕಿಸುಮುವಿಗೆ: ಸೂಜಿ, ಸ್ವೆಟರ್ ಮತ್ತು ಹಳದಿ ಪುಸ್ತಕ

ಹೋದ ಜುಲೈನಲ್ಲಿ ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯಿಂದ ಒಂಬತ್ತು ಜನ ಕೀನ್ಯಾದ ಕಿಸುಮುವಿಗೆ ಹದಿನಾರು ದಿನದ ಸೇವೆಗೆ ಹೋಗಿ ಬಂದೆವು. ಬಂದಾಗಿನಿಂದ ಕೊಪ್ಪಳ, ಸಿಂಧನೂರು ಕಡೆಯ ಸಭೆಯವರು ಫೋನ್ ಮಾಡಿ "ಹೆಂಗ್ ಹೋದ್ರಿ, ಏನೇನ್ ಬೇಕು" ಅಂತ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು.

ಟಿಕೆಟ್‌ಗಿಂತ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮನ್ನು ಕರೆದವರಿಗೆ ಏನು ಬೇಕು ಅಂತ ಕೇಳಿ. ನಾವು ಕೇಳಿರಲಿಲ್ಲ. ಎರಡು ತಿಂಗಳು ನಾಟಕ, ಹಾಡು ಅಂತ ಪ್ರಾಕ್ಟೀಸ್ ಮಾಡಿದೆವು. ಆಮೇಲೆ ಅಲ್ಲಿನ ಪಾಸ್ಟರ್ ವೀಡಿಯೊ ಕಾಲ್‌ನಲ್ಲಿ ನಗುತ್ತಾ, "ಹಾಡೋಕೆ ನಮ್ಮಲ್ಲೇ ಜನ ಇದ್ದಾರೆ. ನಿಮ್ಮೂರು ಜೀನ್ಸ್ ಹೊಲಿಯುವ ಊರಂತಲ್ಲ, ಹೊಲಿಯುವವರನ್ನು ಕರೆದುಕೊಂಡು ಬರ್ತೀರಾ?" ಅಂದರು. ಕೀನ್ಯಾದ ತುಂಬ ಹೊರದೇಶಗಳಿಂದ ಬರುವ ಹಳೆ ಬಟ್ಟೆ ವ್ಯಾಪಾರ ಜೋರು. ಮಿತುಂಬಾ ಅನ್ನುತ್ತಾರೆ. ಮೂಟೆಗಟ್ಟಲೆ ಜೀನ್ಸ್ ಬರುತ್ತದೆ, ಅದನ್ನು ಅಳತೆಗೆ ಸರಿಮಾಡಿ ಹೊಲಿದುಕೊಡುವವರಿಗೆ ಕೈತುಂಬ ಕೆಲಸ. ಆ ಸಭೆಯ ಹೆಣ್ಣುಮಕ್ಕಳಿಗೆ ಅದನ್ನು ಕಲಿಸಬೇಕಿತ್ತು.

ಹಾಗಾಗಿ ಹಾಡುವವರಲ್ಲಿ ಇಬ್ಬರನ್ನು ಬಿಟ್ಟು, ನಮ್ಮೂರ ಕೌಲ್ ಬಜಾರ್‌ನ ಜೀನ್ಸ್ ಯೂನಿಟ್‌ನಲ್ಲಿ ಹೊಲಿಯುವ ಇಬ್ಬರು ಅಕ್ಕಂದಿರನ್ನು ಸೇರಿಸಿದೆವು. ಮನಸ್ತಾಪ ಆಯಿತು, ಸುಳ್ಳು ಹೇಳುವುದಿಲ್ಲ. ಆಗ ನಮ್ಮ ಪಾಸ್ಟರ್ ಅಯ್ಯನವರು ಒಂದು ಮಾತು ಹೇಳಿದರು. 1810ರಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದವರು ಮೊದಲು ಕೂತು ಕನ್ನಡ ಕಲಿತರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1831 ಆಗಿತ್ತು. "ಹದಿನಾರು ದಿನಕ್ಕೆ ಹೋಗೋ ನೀವು ಅಲ್ಲಿ ಏನ್ ಕಡಿದು ಗುಡ್ಡೆ ಹಾಕ್ತೀರಿ? ಅವರು ಕೇಳಿದ್ದನ್ನ ಮಾಡಿ ಬನ್ನಿ" ಅಂದರು. ಮಾತು ಅಲ್ಲಿಗೆ ನಿಂತಿತು.

ಪಾಸ್‌ಪೋರ್ಟ್ ವಿಷಯಕ್ಕೆ ಬರೋಣ. ಬಳ್ಳಾರಿಯ ಅಂಚೆ ಕಚೇರಿಯಲ್ಲೇ ಆಗುತ್ತದೆ, 36 ಪುಟದ್ದಕ್ಕೆ 1,500 ರೂಪಾಯಿ. ತೊಂದರೆ ಇರುವುದು ನಮ್ಮವರ ಹೆಸರಿನಲ್ಲಿ. ಶಾಲೆಯಲ್ಲಿ ಒಂದು, ದೀಕ್ಷಾಸ್ನಾನದ ಹೆಸರು ಇನ್ನೊಂದು, ಆಧಾರ್‌ನಲ್ಲಿ ಮುಂದೊಂದು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ನಮ್ಮ ಒಬ್ಬ ಅಕ್ಕನ ಟಿಕೆಟ್ಟನ್ನು ಸಭೆಯಲ್ಲಿ ಎಲ್ಲರೂ ಕರೆಯುವ ಹೆಸರಿನಲ್ಲೇ ಬುಕ್ ಮಾಡಿಬಿಟ್ಟಿದ್ದೆ. ನನ್ನದೇ ತಪ್ಪು. ರದ್ದು ಮಾಡಿ ಮತ್ತೆ ತೆಗೆಯಬೇಕಾಯಿತು. ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಪಾಸ್‌ಪೋರ್ಟ್, ಅದನ್ನು ಎದುರಿಗೆ ಇಟ್ಟುಕೊಂಡು ಟಿಕೆಟ್.

ಕೀನ್ಯಾಗೆ 2024ರ ಜನವರಿಯಿಂದ ಹಳೆ ವೀಸಾ ಇಲ್ಲ. ಇ-ಟಿಎ ಅಂತ ಆನ್‌ಲೈನ್ ಅನುಮತಿ ಇದೆ. ಆದರೆ ಪ್ರವಾಸಿ ಅಂತ ಬರೆದು ಹೋಗಿ ಅಲ್ಲಿ ಸೇವೆ ಮಾಡಬೇಡಿ. ಧಾರ್ಮಿಕ ಕೆಲಸಕ್ಕೆ, ದಾನಧರ್ಮದ ಕೆಲಸಕ್ಕೆ ಅಲ್ಲಿ ಬೇರೆ ಪರವಾನಗಿಯೇ ಇದೆ. ಕಡಿಮೆ ದಿನದ್ದಾದರೆ ಯಾವ ಪಾಸ್ ಬೇಕು ಅಂತ ಅಲ್ಲಿನ ಸಭೆಯವರೇ ತಮ್ಮ ಇಮಿಗ್ರೇಶನ್ ಕಚೇರಿಯಲ್ಲಿ ಕೇಳಿ ಮಾಡಿಸಲಿ. "ಯಾರೂ ಕೇಳಲ್ಲ ಬಿಡ್ರಿ" ಅಂದ ಏಜೆಂಟ್ ಒಬ್ಬರು ನಮಗೂ ಸಿಕ್ಕಿದ್ದರು. ಅವರನ್ನು ಬಿಟ್ಟೆವು.

ಹಳದಿ ಜ್ವರದ ಲಸಿಕೆಯನ್ನು ಮರೆತರೆ ವಾಪಸ್ ಬರುವಾಗ ನಮ್ಮ ದೇಶದಲ್ಲೇ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಕನಿಷ್ಠ ಹತ್ತು ದಿನ ಮುಂಚೆ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ನಾವು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ಅಲ್ಲಿ ಗೊತ್ತಾದದ್ದು, ಅರವತ್ತು ದಾಟಿದವರಿಗೆ, ಮೊಟ್ಟೆ ಅಲರ್ಜಿ ಇರುವವರಿಗೆ ವೈದ್ಯರು ಯೋಚಿಸಿಯೇ ಕೊಡುತ್ತಾರೆ ಅಂತ. 63ರ ನಮ್ಮ ಒಬ್ಬ ಅಂಕಲ್ ಅಲ್ಲಿಂದಲೇ ಹಿಂದೆ ಸರಿದರು. ಹಿರಿಯರಿದ್ದರೆ ಹಣ ಕಟ್ಟುವ ಮುಂಚೆಯೇ ಡಾಕ್ಟರನ್ನು ಕೇಳಿ. ಲಸಿಕೆ ಹಾಕಿಸಿದ್ದಕ್ಕೆ ಕೇಂದ್ರದವರು ಕೊಡುವ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆಗೇ ಇರಲಿ, ಸೂಟ್‌ಕೇಸಿನಲ್ಲಿ ಬೇಡ. ಕಿಸುಮು ವಿಕ್ಟೋರಿಯಾ ಸರೋವರದ ದಂಡೆಯ ಊರು, ಮಲೇರಿಯಾ ಜಾಸ್ತಿ. ಅದರ ಮಾತ್ರೆಯನ್ನೂ ಆಗಲೇ ಕೇಳಿಬಿಡಿ.

ಹಣದ ಬಗ್ಗೆ ಎರಡೇ ಮಾತು. ಸಭೆಯ ಟ್ರಸ್ಟಿನ ಹಣವನ್ನು ಹೊರದೇಶದಲ್ಲಿ ಖರ್ಚು ಮಾಡಿದರೆ ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಆಡಿಟರನ್ನು ಕೇಳದೆ ಕೈಹಾಕಬೇಡಿ. ನಾವು ಅವರವರ ಖರ್ಚು ಅವರವರೇ ಹಾಕಿಕೊಂಡೆವು, ಡಾಲರ್ ತೆಗೆದುಕೊಂಡು ನೈರೋಬಿಯಲ್ಲಿ ಶಿಲ್ಲಿಂಗ್ ಮಾಡಿಸಿದೆವು.

ಇನ್ನು ಪ್ಯಾಕಿಂಗ್. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಚೀಲ ನಿಷೇಧ. ದಂಡವೂ ಇದೆ, ಜೈಲೂ ಇದೆ. ನಾವೋ, ಖಡಕ್ ರೊಟ್ಟಿಯಿಂದ ಚಪ್ಪಲಿವರೆಗೆ ಎಲ್ಲವನ್ನೂ ಕವರಿನಲ್ಲಿ ಸುತ್ತುವ ಜನ! ಹೊರಡುವ ಹಿಂದಿನ ರಾತ್ರಿ ಗೊತ್ತಾಗಿ, ಅಕ್ಕಂದಿರು ಜೀನ್ಸ್ ಕಟಿಂಗ್ ತುಂಡುಗಳಲ್ಲೇ ಚೀಲ ಹೊಲಿದರು. ಶೇಂಗಾ ಚಟ್ನಿ ಸ್ಟೀಲ್ ಡಬ್ಬಿಗೆ ಹೋಯಿತು.

ಗುಂತಕಲ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಮುಂಬೈ, ಅಲ್ಲಿಂದ ನೇರ ವಿಮಾನದಲ್ಲಿ ಸುಮಾರು ಆರು ಗಂಟೆಗೆ ನೈರೋಬಿ. ಆಫ್ರಿಕಾ ಅಂದರೆ ಬಿಸಿಲು ಅಂದುಕೊಂಡು ಯಾರೂ ಸ್ವೆಟರ್ ತಂದಿರಲಿಲ್ಲ. ನೈರೋಬಿ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ, ಜುಲೈ ಅಲ್ಲಿ ಚಳಿಗಾಲ. ಬಳ್ಳಾರಿ ಬಿಸಿಲಿನಲ್ಲಿ ಬೆಳೆದ ನಾವು ಹೊದ್ದುಕೊಳ್ಳಲು ಬೆಡ್‌ಶೀಟ್ ತೆಗೆದೆವು. ಕಿಸುಮುವಿಗೆ ಇಳಿದ ಮೇಲೆಯೇ ಮೈ ಬೆಚ್ಚಗಾದದ್ದು.

ಅಲ್ಲಿ "ಬ್ವಾನಾ ಅಸಿಫಿವೆ" ಅಂದರೆ ಸಾಕು, ಮುಖ ಅರಳುತ್ತದೆ. ಕರ್ತನಿಗೆ ಸ್ತೋತ್ರ ಅಂತ. ಊಟಕ್ಕೆ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಜೊತೆಗೆ ಸೊಪ್ಪು. ಚಪಾತಿಗೆ ಚಪಾತಿ, ಚಹಾಕ್ಕೆ ಚಾಯ್ ಅಂತಲೇ ಅನ್ನುತ್ತಾರೆ.

ಮೊದಲ ದಿನ ಹೊಲಿಗೆ ಕ್ಲಾಸ್ ಹತ್ತೇ ನಿಮಿಷಕ್ಕೆ ನಿಂತಿತು. ಇದ್ದದ್ದು ಕಾಲಿನಲ್ಲಿ ತುಳಿಯುವ ಮಷಿನ್, ಅದರಲ್ಲಿ ತೆಳು ಬಟ್ಟೆಯ ಸೂಜಿ. ಜೀನ್ಸ್‌ನ ಪಕ್ಕದ ಹೊಲಿಗೆಯೂ ಕೆಳಗಿನ ಮಡಿಕೆಯೂ ಕೂಡುವ ದಪ್ಪ ಜಾಗಕ್ಕೆ ಬಂದ ಕೂಡಲೇ ಟಕ್ ಅಂತ ಮುರಿಯಿತು. ಇನ್ನೊಂದು, ಮತ್ತೊಂದು. ನಮ್ಮ ಅಕ್ಕ ಕೆಳಗೆ ಬಿದ್ದಿದ್ದ ಕಲ್ಲಿನಿಂದ ಆ ಮಡಿಕೆಯನ್ನು ಚೆನ್ನಾಗಿ ಕುಟ್ಟಿ ಚಪ್ಪಟೆ ಮಾಡಿದರು. ಸೂಜಿ ಬದಲಿಸಿ, ಚಕ್ರವನ್ನು ಕೈಯಲ್ಲೇ ನಿಧಾನ ತಿರುಗಿಸುತ್ತಾ ಒಂದೊಂದೇ ಹೊಲಿಗೆ ದಾಟಿಸಿದರು. ಒಂದು ಮಾತೂ ಆಡಲಿಲ್ಲ. ಸುತ್ತ ನಿಂತವರೆಲ್ಲ ಬಗ್ಗಿ ನೋಡುತ್ತಿದ್ದರು. ತಂದಿದ್ದ ದಪ್ಪ ಸೂಜಿ ನಾಲ್ಕನೇ ದಿನಕ್ಕೆ ಮುಗಿದವು. ಉಳಿದ ದಿನ ಪೇಟೆಯಲ್ಲಿ ಹುಡುಕಿದ್ದೇ ಹುಡುಕಿದ್ದು.

ಎರಡನೇ ತಂಡ ಹೊರಡುವ ಮಾತು ನಡೆದಿದೆ. ಅಕ್ಕ ಈಗಲೇ ಒಂದು ಚೀಟಿ ಬರೆದುಕೊಟ್ಟಿದ್ದಾರೆ: 18ನೇ ನಂಬರ್ ಸೂಜಿ ಇನ್ನೂರು, ಬಾಬಿನ್ ಕೇಸ್ ಹತ್ತು, ಕತ್ತರಿ ನಾಲ್ಕು, ಕತ್ತರಿ ಕೈಚೀಲದಲ್ಲಿ ಬೇಡ. ಕೊನೆಯಲ್ಲಿ ಎರಡು ಗೆರೆ ಎಳೆದು, ಸ್ವೆಟರ್.