ಗೋಕರ್ಣಕ್ಕೆ ನಡೆದು ಹೋಗುವವರು ಕುಮಟಾದಲ್ಲಿ ಒಂದು ರಾತ್ರಿ ಉಳಿಯಿರಿ

ಧಾರೇಶ್ವರದ ಧಾರಾನಾಥನಿಗೆ ಕೈಮುಗಿದು, ಒಂದೇ ದಿನದಲ್ಲಿ ಗೋಕರ್ಣ ಮುಟ್ಟಿಬಿಡೋಣ ಅಂತ ಹೊರಟಿದ್ದೆವು. ನಾವು ಮೂವರು, ಶಿವರಾತ್ರಿಗೆ ಇನ್ನೂ ಮೂರು ದಿನ ಇತ್ತು. ಕುಮಟಾ ಬರುವಷ್ಟರಲ್ಲೇ ನನ್ನ ಹೊಸ ಚಪ್ಪಲಿ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ ಎಬ್ಬಿಸಿತ್ತು. ಹಳೇ ಚಪ್ಪಲಿಯಲ್ಲೇ ಹೊರಡಿ, ದಯವಿಟ್ಟು.

ಪೇಟೆಯಲ್ಲಿ ಒಬ್ಬರು ಹಾಲಕ್ಕಿ ಸಮುದಾಯದ ಅಜ್ಜಿ ಬಸಳೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಕುತ್ತಿಗೆ ತುಂಬ ಮಣಿಸರ. ನಾನು ಕುಂಟುವುದನ್ನು ನೋಡಿ, "ಎಂತಾ ಆತೋ ತಮಾ? ಈಗ ಹೋದ್ರೆ ತಾರಿ ಸಿಗೂದಿಲ್ಲ, ಉಳ್ಕಂಡು ಹೋಗಿ" ಅಂದರು. ತಾರಿ ಅಂದರೆ ಹೊಳೆ ದಾಟಿಸುವ ದೋಣಿ. ಉಳಿದೆವು. ಬಸ್ ಸ್ಟ್ಯಾಂಡ್ ಹತ್ತಿರ ರೂಮು ಸಿಕ್ಕಿತು. ಹಬ್ಬದ ಹೊತ್ತಿಗೆ ಗೋಕರ್ಣದಲ್ಲಿ ಹುಡುಕುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ದುಡ್ಡು ಕೊಡೋ ಮೊದಲು ಸ್ವಿಚ್ ಹಾಕಿ ನೋಡಿ. ನಮ್ಮ ರೂಮಲ್ಲಿ ಫ್ಯಾನ್ ಇತ್ತು, ತಿರುಗುತ್ತಿರಲಿಲ್ಲ!

ಬೆಳಿಗ್ಗೆ ಐದಕ್ಕೇ ಎದ್ದು ಹೊರಡಿ. ಮಿರ್ಜಾನ್ ಕಡೆಯ ಹೆದ್ದಾರಿ ಬೇಡವೇ ಬೇಡ. ಸುಮಾರು ಮೂವತ್ತು ಕಿಲೋಮೀಟರ್ ಲಾರಿ ಧೂಳು ಕುಡಿಯೋದು ಯಾಕೆ? ಬಾಡ, ಕಾಗಾಲ, ಅಘನಾಶಿನಿ ಹೀಗೆ ಊರೊಳಗಿನ ದಾರಿ ಹಿಡಿಯಿರಿ. ಬಾಡದಲ್ಲಿ ಕಾಂಚಿಕಾ ಪರಮೇಶ್ವರಿ ಗುಡಿ ಇದೆ, ಅಲ್ಲಿ ಕೂತು ಸುಧಾರಿಸಿಕೊಳ್ಳಬಹುದು. ಒಂಬತ್ತು ದಾಟಿದರೆ ಬಿಸಿಲು ಸುಮ್ನೆ ಬಿಡಲ್ಲ, ನೀರು ಜಾಸ್ತಿನೇ ಇಟ್ಟುಕೊಳ್ಳಿ.

ಅಘನಾಶಿನಿ ಊರಲ್ಲಿ ಅದೇ ಹೆಸರಿನ ಹೊಳೆಯನ್ನು ತಾರಿಯಲ್ಲಿ ದಾಟಬೇಕು. ಆಚೆ ದಡ ತದಡಿ. ನಮ್ಮ ಕಣ್ಣೆದುರೇ ಒಂದು ದೋಣಿ ಹೋಯಿತು, ಇನ್ನೊಂದಕ್ಕೆ ಮುಕ್ಕಾಲು ತಾಸು ಕಾದೆವು. ಕಾದಿದ್ದು ಒಳ್ಳೇದೇ ಆಯಿತು. ಇಳಿತದ ಹೊತ್ತು, ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಕೆಸರಿಂದ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿದ್ದರು. ಕಾಲಲ್ಲೇ ತಡವಿ ನೋಡುವುದು, ಸಿಕ್ಕಿದರೆ ಮುಳುಗಿ ಎತ್ತುವುದು, ತೇಲುವ ಬುಟ್ಟಿಗೆ ಟಕ್ ಅಂತ ಹಾಕುವುದು. ಶಿರಸಿ ಕಡೆ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಇಲ್ಲಿವರೆಗೆ ಬರುವ ಹೊಳೆ ಇದು. 2024ರಲ್ಲಿ ಈ ಅಳಿವೆ, ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬುಟ್ಟಿಯವರಿಗೆ ಮಾತ್ರ ನೀರು ಏರುವುದರೊಳಗೆ ಕೆಲಸ ಮುಗಿದರೆ ಸಾಕು.

ತದಡಿಯಿಂದ ಮುಂದೆ ದಾರಿ ಕಷ್ಟವೇನಿಲ್ಲ. ಗೋಕರ್ಣದಲ್ಲಿ ಸಮುದ್ರಸ್ನಾನ, ಆಮೇಲೆ ಮೊದಲು ಮಹಾಗಣಪತಿ, ನಂತರ ಮಹಾಬಲೇಶ್ವರ. ಗಂಡಸರು ಪಂಚೆಯನ್ನು ಚೀಲದ ಮೇಲ್ಗಡೆಯೇ ಇಟ್ಟುಕೊಳ್ಳಿ. ನಾನು ತಳಕ್ಕೆ ತುರುಕಿದ್ದೆ, ಗುಡಿ ಎದುರು ನಿಂತು ಇಡೀ ಚೀಲ ಸುರುವಬೇಕಾಯಿತು.